ಎರಿ ಹೊಲದ ದಾರಿಗೆ ಹಳೆಯ ಫೋರ್ ವೀಲ್ ಡ್ರೈವ್: ದನದ ಡಾಕ್ಟರೊಬ್ಬರ ಗಾಡಿ ಆಯ್ಕೆಯ ಪ್ರಕರಣ

ಗದಗ ಜಿಲ್ಲೆಯ ಒಂದು ಊರಿನಲ್ಲಿ ಖಾಸಗಿಯಾಗಿ ಪಶುವೈದ್ಯ ವೃತ್ತಿ ಮಾಡುವ ಮಹಿಳೆಯೊಬ್ಬರು 2024ರ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿ, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಗಾಡಿ ಕೊಂಡರು. ಹುಡುಕಾಟದ ಶುರುವಿನಿಂದ ಕೊನೆವರೆಗೆ ನಾನು ಜೊತೆಗಿದ್ದೆ. ಹುಬ್ಬಳ್ಳಿ-ಧಾರವಾಡ ಕಡೆ ಹಳೆಯ ಗಾಡಿ ನೋಡಿಕೊಡಿ ಎಂದು ನನ್ನನ್ನು ಕೇಳುವವರು ಆಗಾಗ ಬರುತ್ತಾರೆ. ಹೆಚ್ಚಿನವರ ಮೊದಲ ಪ್ರಶ್ನೆ "ಯಾವ ಗಾಡಿ ಚಲೋ?" ಇವರು ಮಾತ್ರ ತಾವು ಓಡಾಡುವ ದಾರಿಗಳ ಬಗ್ಗೆ ಅರ್ಧ ತಾಸು ಹೇಳಿದರು. ಆಮೇಲೆ ಗಾಡಿಯ ಮಾತು ತೆಗೆದರು. ಇದನ್ನು ಬರೆದಿಡಬೇಕು ಅನಿಸಿದ್ದು ಅದಕ್ಕೇ.

ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಹೆಸರು, ಗಾಡಿ ನಂಬರ್, ಮಾರಿದವರ ಗುರುತು ಯಾವುದನ್ನೂ ಕೊಟ್ಟಿಲ್ಲ. ಹಳ್ಳಿಯ ಜನ ಅವರನ್ನು ಕರೆಯುವಂತೆ ನಾನೂ ಡಾಕ್ಟರ್ ಅಕ್ಕಾರು ಎಂದೇ ಕರೆಯುತ್ತೇನೆ.

ಹಿನ್ನೆಲೆ

ಅಕ್ಕಾರು ಓಡಾಡುವ ಹಳ್ಳಿಗಳು ಎರಡು ಬಗೆಯ ನೆಲದಲ್ಲಿವೆ. ರೋಣ, ನರಗುಂದದ ಕಡೆ ಪೂರ್ತಿ ಎರಿ ಭೂಮಿ, ಅಂದರೆ ಕಪ್ಪು ಜೇಡಿ ಮಣ್ಣು. ಕಪ್ಪತಗುಡ್ಡದ ಬುಡಕ್ಕೆ, ಶಿರಹಟ್ಟಿ-ಮುಂಡರಗಿ ಕಡೆ ಹೋದರೆ ಮಸಾರಿ (ಕೆಂಪು ಮಣ್ಣು), ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಕಲ್ಲು. ಅವರ ಹತ್ತಿರ ಇದ್ದದ್ದು ಒಂದು ಸಣ್ಣ ಪೆಟ್ರೋಲ್ ಕಾರು. ಡಾಂಬರು ರಸ್ತೆ ಮುಗಿಯುವ ತನಕ ಅದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ದನಗಳು ಇರುವುದು ಡಾಂಬರು ರಸ್ತೆ ಮುಗಿದ ಮೇಲೆ, ಹೊಲದ ಮನೆಗಳಲ್ಲಿ.

2022ರ ಮಳೆಗಾಲದಲ್ಲಿ ಒಂದು ರಾತ್ರಿ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಕರು ಅಡ್ಡ ಬಂದಿದೆ ಎಂದು ಫೋನ್ ಬಂತು. ಹೊಲದ ಮನೆ ಇನ್ನೂ ದೂರ ಇರುವಾಗಲೇ ಕಾರು ರಾಡಿಯಲ್ಲಿ ಹೂತಿತು. ಅಕ್ಕಾರು ಮತ್ತು ಸಹಾಯಕ ಹುಡುಗ ಸಾಮಾನು ಹೊತ್ತು ನಡೆದರು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಬೇಗ ಮುಟ್ಟಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಆದರೆ ಬೇರೆ ಗಾಡಿ ಬೇಕು ಎಂಬ ಯೋಚನೆ ಅವರಲ್ಲಿ ಗಟ್ಟಿಯಾದದ್ದು ಆ ರಾತ್ರಿ.

ಮುಂದಿನ ವರ್ಷ, 2023ರಲ್ಲಿ, ರಾಜ್ಯಕ್ಕೆಲ್ಲ ಬರ ಬಂತು. ರೈತರ ಕೈಯಲ್ಲಿ ದುಡ್ಡಿಲ್ಲದಿದ್ದರೆ ದನದ ಡಾಕ್ಟರ ಕೈಯಲ್ಲೂ ಇರುವುದಿಲ್ಲ. ರಾಡಿಯ ಕಾಟವೂ ಇರಲಿಲ್ಲ. ಹಾಗಾಗಿ ಮಾತು ಅಲ್ಲಿಗೇ ನಿಂತಿತು. 2024ರ ಯುಗಾದಿ ಕಳೆದ ಮೇಲೆ ಮತ್ತೆ ಶುರುವಾಯಿತು. ಒಟ್ಟು ಬಜೆಟ್ 4.5 ಲಕ್ಷ ರೂಪಾಯಿ. ಹಳೆಯ ಕಾರು ಮಾರಿ ಬರುವ ದುಡ್ಡೂ ಅದರಲ್ಲೇ ಸೇರಿತ್ತು. ಅಂದರೆ ಒಂದೇ ಗಾಡಿ. ಅದೇ ಹೊಲಕ್ಕೆ ಹೋಗಬೇಕು, ಅದೇ ಮಕ್ಕಳನ್ನು ಕೂರಿಸಿಕೊಂಡು ಹುಬ್ಬಳ್ಳಿಗೂ ಹೋಗಬೇಕು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಜಮಾನರಿಗೆ ಆರಾಮಾಗಿ ಕೂರುವ ಗಾಡಿ ಬೇಕು. ಮೈದುನನಿಗೆ ಥಾರ್ ಬೇಕು, ರಜೆಯ ದಿನ ಕಪ್ಪತಗುಡ್ಡ ಹತ್ತಿಸಬೇಕು. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಅಲ್ಲಿ ಮನಸ್ಸಿಗೆ ಬಂದ ಕಡೆ ಗಾಡಿ ನುಗ್ಗಿಸುವುದು ತಪ್ಪು, ಅದನ್ನು ಯಾರೂ ಮಾಡಬಾರದು. ಆ ಹುಡುಗನಿಗೆ ಇದನ್ನು ಹೇಳಿದಾಗ ಒಪ್ಪಿಕೊಂಡ. ಅಕ್ಕಾರ ಮಾವನವರು ಕೇಳಿದ ಪ್ರಶ್ನೆ ಮಾತ್ರ ತೂಕದ್ದು: "ಊರ ತುಂಬ ಟ್ರ್ಯಾಕ್ಟರ್ ಅದಾವ. ಮತ್ತ ಇದ್ಯಾಕ ಬೇಕವಾ?" ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಗಾಡಿ ಹುಡುಕಬಾರದು ಎಂದು ನಾವು ತೀರ್ಮಾನಿಸಿದೆವು.

ದಾರಿಗಳ ಪಟ್ಟಿ

ಅಕ್ಕಾರು ತಮ್ಮ ಕೇಸ್ ಡೈರಿ ತೆಗೆದರು. ಮಳೆಗಾಲದಲ್ಲಿ ಹೋದ ಕರೆಗಳನ್ನು ಒಂದೊಂದಾಗಿ ನೋಡಿದೆವು. ದಾರಿ ಯಾವ ನೆಲದ್ದು, ಎಲ್ಲಿ ಕಾರು ನಿಂತಿತು, ಯಾಕೆ ನಿಂತಿತು ಎಂದು ಬರೆದುಕೊಂಡೆವು. ಆ ದಾರಿಗಳಲ್ಲಿ ಕೆಲವಕ್ಕೆ ಹೋಗಿ ಕಣ್ಣಾರೆ ನೋಡಿಯೂ ಬಂದೆವು.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ಕಾರು ನಿಂತ ಜಾಗಗಳೆಲ್ಲ ಒಂದೇ ಥರದವಲ್ಲ ಎಂಬುದು ಆಗ ತಿಳಿಯಿತು.

ಕೆಲವು ಕಡೆ ತೊಂದರೆ ನೆಲದ ಎತ್ತರದ್ದು. ಚಕ್ಕಡಿ, ಟ್ರ್ಯಾಕ್ಟರ್ ಓಡಾಡಿ ದಾರಿಯಲ್ಲಿ ಎರಡು ಆಳದ ಗಾಲಿ ಜಾಡು ಬಿದ್ದಿರುತ್ತದೆ. ನಡುವಿನ ದಿಬ್ಬ ಕಾರಿನ ಹೊಟ್ಟೆಗೆ ತಾಗುತ್ತದೆ. ಇಲ್ಲಿ ಬೇಕಾದ್ದು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಯ ಎತ್ತರ. ಕೆಲವು ಕಡೆ ಹಳ್ಳ ದಾಟಬೇಕು. ನೀರು ಮೊಣಕಾಲುದ್ದವೂ ಇರುವುದಿಲ್ಲ. ಆದರೆ ಆಚೆ ದಂಡೆ ಕಡಿದಾಗಿ, ಜಾರುವಂತೆ ಇರುತ್ತದೆ. ಇಲ್ಲಿ ನಾಲ್ಕೂ ಗಾಲಿಗೆ ಎಳೆತ ಬೇಕು, ಜೊತೆಗೆ ಆಮೆಯಂತೆ ನಿಧಾನವಾಗಿ ಏರುವ ಲೋ ಗೇರ್ ಬೇಕು. ಮಸಾರಿ ಕಡೆಯ ಗರಸು ಇಳಿಜಾರುಗಳಲ್ಲೂ ನಾಲ್ಕು ಗಾಲಿಯ ಎಳೆತ ಬೇಕು.

ಇನ್ನು ಎರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಿ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಒಣಗಿದಾಗ ಅದರ ಮೇಲೆ ಯಾವ ಗಾಡಿಯೂ ಓಡುತ್ತದೆ. ಮೊದಲ ಮಳೆಗೆ ಮೇಲಿನ ಎರಡು ಮೂರು ಇಂಚು ಮಾತ್ರ ನೆನೆದು ಜಾರುತ್ತದೆ, ಕೆಳಗೆ ಗಟ್ಟಿ ಇರುತ್ತದೆ. ಇಲ್ಲಿ ಫೋರ್ ವೀಲ್ ಡ್ರೈವ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ನಾಲ್ಕು ದಿನ ಬಿಡದೆ ಮಳೆ ಹೊಡೆದರೆ ಮಣ್ಣು ಆಳದವರೆಗೆ ಮೆತ್ತಗಾಗುತ್ತದೆ. ಆಗ ಭಾರದ ಗಾಡಿ ಆಕ್ಸಲ್ ತನಕ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮಳೆ ನಿಂತು ಬಿಸಿಲು ಬಿದ್ದು ಅರೆಬರೆ ಒಣಗುವ ಹೊತ್ತು. ಆಗ ಎರಿ ಅಂಟಾಗುತ್ತದೆ. ಗಾಲಿಗೆ ಸುತ್ತಿಕೊಳ್ಳುತ್ತದೆ, ಪದರದ ಮೇಲೆ ಪದರ ಕೂಡುತ್ತದೆ, ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಗಾಲಿಗೆ ಶಕ್ತಿ ಕೊಟ್ಟರೂ ನಾಲ್ಕೂ ಗಾಲಿ ಕಟ್ಟಿಕೊಳ್ಳುತ್ತವೆ. ರೈತರೇ ಆಗ ಹೊಲಕ್ಕೆ ಇಳಿಯುವುದಿಲ್ಲ.

ಪಟ್ಟಿ ಮುಗಿದ ಮೇಲೆ ಮಾವನವರ ಪ್ರಶ್ನೆಗೆ ಉತ್ತರ ತಾನೇ ಸಿಕ್ಕಿತು. ಪೂರ್ತಿ ಹಸಿ ಎರಿ, ಅಂಟು ಎರಿ ಎರಡಕ್ಕೂ ಟ್ರ್ಯಾಕ್ಟರೇ ಸರಿ. ಗಾಡಿಯನ್ನು ಗಟ್ಟಿ ನೆಲದಲ್ಲಿ ಬಿಟ್ಟು, ರೈತರಿಗೆ ಫೋನ್ ಮಾಡಿ, ಕೊನೆಯ ತುಣುಕು ದಾರಿ ಟ್ರ್ಯಾಕ್ಟರಿನಲ್ಲಿ ಹೋಗುವುದು. ಆದರೆ ಪಟ್ಟಿಯಲ್ಲಿ ಅಂಥ ಕರೆಗಳು ಕಮ್ಮಿ. ಜಾಸ್ತಿ ಇದ್ದದ್ದು ಅರ್ಧ ನೆನೆದ ದಾರಿ, ಹಳ್ಳದ ದಂಡೆ, ಗರಸು ಏರು, ಆಳದ ಜಾಡು. ಅವಕ್ಕೆ ಟ್ರ್ಯಾಕ್ಟರ್ ಕಾಯುತ್ತ ಕೂತರೆ ತಾಸುಗಟ್ಟಲೆ ಹೋಗುತ್ತದೆ. ಗಾಡಿ ಬೇಕಾದ್ದು ಈ ನಡುವಿನ ದಿನಗಳಿಗೆ.

ಇದರಿಂದ ಎರಡು ಕೆಲಸ ಆದವು. ಎಂಥ ರಾಡಿಯಾದರೂ ಸೀಳುವ ಗಾಡಿ ಬೇಕು ಎಂಬ ಆಸೆ ಬಿಟ್ಟುಹೋಯಿತು, ಅದರ ಜೊತೆ ದುಬಾರಿ ಗಾಡಿಗಳೂ ಪಟ್ಟಿಯಿಂದ ಹೋದವು. ಮತ್ತೆ, ಲೋ ಗೇರ್ ಇರುವ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬೇಕೇ ಬೇಕು ಎಂಬುದು ಗಟ್ಟಿಯಾಯಿತು.

ಇನ್ನೊಂದು ವಿಷಯ ಅವರ ವೃತ್ತಿಯದು. ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಸ್ಟ್ರಾಗಳು ದ್ರವ ಸಾರಜನಕದ ಕ್ಯಾನಿನಲ್ಲಿ ಇರುತ್ತವೆ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕ್ಯಾನ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಬಿದ್ದರೆ, ಜೋರಾಗಿ ಕುಕ್ಕಿದರೆ ಹಾಳಾಗುತ್ತದೆ. ಅದರಿಂದ ಹೊರಬರುವ ಅನಿಲ ಮುಚ್ಚಿದ ಗಾಡಿಯೊಳಗೆ ತುಂಬಿದರೆ ಉಸಿರಾಡುವ ಗಾಳಿ ಕಮ್ಮಿಯಾಗುತ್ತದೆ, ಅದಕ್ಕೆ ಕಿಟಕಿ ಸ್ವಲ್ಪ ತೆರೆದೇ ಇಡಬೇಕು. ಅಂದರೆ ಹಿಂದೆ ಸಪಾಟಾದ ಜಾಗ, ಕ್ಯಾನ್ ಬಿಗಿಯಲು ಕೊಂಡಿ, ಗಾಳಿಯಾಡುವ ಕಿಟಕಿ ಬೇಕು. ಹೊರೆ ಮಾತ್ರ ಹೆಚ್ಚಿಲ್ಲ. ಔಷಧಿ ಪೆಟ್ಟಿಗೆ, ಹಗ್ಗ, ಕ್ಯಾನ್, ಇಬ್ಬರು ಮನುಷ್ಯರು, ಅಷ್ಟೇ.

ನೋಡಿದ ಗಾಡಿಗಳು

ಹೊಸ ಗಾಡಿಯ ಮಾತು ಬೇಗ ಮುಗಿಯಿತು. 2020ರಲ್ಲಿ ಬಂದ ಹೊಸ ಥಾರ್, 2023ರಲ್ಲಿ ಬಂದ ಜಿಮ್ನಿ ಎರಡೂ ಬಜೆಟ್ಟಿನ ಎರಡು ಪಟ್ಟಿಗಿಂತ ಮೇಲೆ. 2010ರಿಂದ ಬಂದ ಹಳೆಯ ಡೀಸೆಲ್ ಥಾರ್ (ಸಿಆರ್‌ಡಿಇ) ನಮ್ಮ ದಾರಿಗೆ ಚೆನ್ನಾಗಿ ಹೊಂದುತ್ತಿತ್ತು. ಆದರೆ ಅದಕ್ಕೆ ಬೇಡಿಕೆ ಜಾಸ್ತಿ. ನಮ್ಮ ದುಡ್ಡಿಗೆ ಸಿಗುವವು ಏರಿಸಿ, ಕುಣಿಸಿ, ಜಜ್ಜಿದ ಗಾಡಿಗಳು. ಹೆಸರಿಗೆ ಬೇಡಿಕೆ ಇರುವ ಗಾಡಿಯಲ್ಲಿ ಹೆಸರಿಗೇ ಲಕ್ಷ ಕೊಡಬೇಕಾಗುತ್ತದೆ.

ಜಿಪ್ಸಿ ನನ್ನ ಇಷ್ಟದ ಗಾಡಿ. 1985ರಿಂದ ಮೂರು ದಶಕಕ್ಕೂ ಮೇಲೆ ಬಂದ ಗಾಡಿ ಅದು. ತೂಕ ಒಂದು ಟನ್ನಿನ ಆಸುಪಾಸು, ಅದಕ್ಕೇ ಮೆತ್ತನೆ ನೆಲದಲ್ಲಿ ಅದು ಬೇರೆಯವುಗಳಷ್ಟು ಇಳಿಯುವುದಿಲ್ಲ. ಬರೀ ಎರಿ ನೋಡಿದರೆ ಅದೇ ಸರಿ. ಆದರೆ ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಕುಲುಕಾಟ ಜಾಸ್ತಿ. ಕ್ಯಾನ್ ಇಟ್ಟುಕೊಂಡು ದಿನಾ ಓಡಾಡಲು ಕಷ್ಟ. ಪೆಟ್ರೋಲ್ ಖರ್ಚು ಬೇರೆ. ಅಕ್ಕಾರು ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡಾಡುವವರು. ನಾವು ನೋಡಿದ ಒಂದು ಜಿಪ್ಸಿ ಸೇನೆಯ ಹರಾಜಿನಿಂದ ಬಂದದ್ದು ಎಂದು ಮಾರುವವರು ಹೇಳಿದರು. ಗಾಡಿ ಗಟ್ಟಿಯಾಗಿಯೇ ಇತ್ತು. ಆದರೆ ಹರಾಜಿನ ಕಾಗದ ಕೇಳಿದರೆ ನಾಳೆ ನಾಡಿದ್ದು ಎಂದರು. ಬಿಟ್ಟೆವು.

ಡಸ್ಟರ್ ಆಲ್ ವೀಲ್ ಡ್ರೈವ್ ಯಜಮಾನರ ಆಯ್ಕೆ. ನಾನು ಅದನ್ನು ಸುಮ್ನೆ ತಳ್ಳಿಹಾಕಲಿಲ್ಲ. ಹಾದಿ ಮೇಲೆ ಬಹಳ ಚೆನ್ನಾಗಿ ಓಡುತ್ತದೆ, ಹೊಟ್ಟೆಯೂ ಸಾಕಷ್ಟು ಎತ್ತರ, ಒಂದು ಗುಂಡಿ ತಿರುವಿದರೆ ಹಿಂದಿನ ಗಾಲಿಗೂ ಶಕ್ತಿ ಹೋಗುತ್ತದೆ. ಮೊದಲ ಗೇರ್ ಚಿಕ್ಕದು. ಆದರೆ ಲೋ ಗೇರಿನ ಪೆಟ್ಟಿಗೆ ಇಲ್ಲ. ಹಳ್ಳದ ದಂಡೆಯಲ್ಲಿ ನಿಧಾನಕ್ಕೆ ಹತ್ತಬೇಕೆಂದರೆ ಕ್ಲಚ್ ಅರ್ಧ ಹಿಡಿದೇ ಹತ್ತಬೇಕು. ಇಂಥ ಗಾಡಿಗಳಲ್ಲಿ ಹಿಂದಿನ ಗಾಲಿಗೆ ಶಕ್ತಿ ಕೊಡುವ ಕಪ್ಲಿಂಗ್ ಎಲೆಕ್ಟ್ರಿಕ್‌ನದ್ದು, ಬಹಳ ಹೊತ್ತು ಜಾರಿದರೆ ಬಿಸಿಯಾಗಿ ಕೈಬಿಡುತ್ತದೆ. ಹಳೆಯದಾದ ಮೇಲೆ ಅದರ ರಿಪೇರಿ ನಮ್ಮ ತಾಲ್ಲೂಕು ಊರಿನ ಗ್ಯಾರೇಜಿನಲ್ಲಿ ಆಗುವಂಥದ್ದಲ್ಲ. ಕಪ್ಪತಗುಡ್ಡದ ಬುಡದ ಹಳ್ಳಿಗಳಷ್ಟೇ ಇದ್ದಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ.

ದೆಹಲಿಯಿಂದ ಬಂದ ಸಫಾರಿ ಫೋರ್ ಬೈ ಫೋರ್ ಒಂದನ್ನು ಹುಬ್ಬಳ್ಳಿಯಲ್ಲಿ ನೋಡಿದೆವು. ಅದರ ದರ ಕೇಳಿ ಎಲ್ಲರ ಕಣ್ಣೂ ಅರಳಿತು. ಅಷ್ಟು ಅಗ್ಗಕ್ಕೆ ಕಾರಣ ಇದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಹಾಗಾಗಿ ಅಲ್ಲಿನ ಹಳೆಯ ಡೀಸೆಲ್ ಗಾಡಿಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹೊರಟವು. ಆದರೆ ಇಲ್ಲಿ ನಮ್ಮ ಹೆಸರಿಗೆ ಮಾಡಿಸಲು ಅಲ್ಲಿನ ಆರ್‌ಟಿಒದಿಂದ ಎನ್ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಅದೆಲ್ಲ ಕೂಡಿಸಿದರೆ ಅಗ್ಗ ಅನ್ನುವುದು ಉಳಿಯಲಿಲ್ಲ. ಎರಡು ಟನ್ನಿಗೂ ಮೇಲಿನ ತೂಕ ನಮ್ಮ ಎರಿಗೆ ಸರಿಯೂ ಅಲ್ಲ.

ಹಳೆಯ ಜೀಪಿನ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಬೇರೆ ಎಂಜಿನ್ ಕೂರಿಸಿ ಹೊಳಪು ಬಳಿದ ಗಾಡಿಗಳೂ ಬಂದವು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್. ಅಂಥವನ್ನು ಮುಟ್ಟಲೇಬಾರದು. ಕಂಪನಿ ಮಾಡಿದ್ದನ್ನು ಬದಲಿಸಿ ಆರ್‌ಸಿಯಲ್ಲಿ ನಮೂದಿಸದೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೇ ಅದನ್ನು.

ಕೊನೆಗೆ ಉಳಿದದ್ದು ಬೊಲೆರೊ ಫೋರ್ ವೀಲ್ ಡ್ರೈವ್. ಬೊಲೆರೊ ಹಳ್ಳಿಗೊಂದು ಇದೆ, ಆದರೆ ಅವೆಲ್ಲ ಹಿಂದಿನ ಗಾಲಿಯಿಂದ ಓಡುವವು. ಫೋರ್ ವೀಲ್ ಡ್ರೈವ್ ಇರುವುದು ಅಪರೂಪ. ಅದನ್ನು ಹುಡುಕುವವರೂ ಕಮ್ಮಿ, ಅದಕ್ಕೇ ದರ ಹಿಡಿತದಲ್ಲಿದೆ. ಲೋ ಗೇರ್ ಇದೆ, ಡೀಸೆಲ್, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತವೆ, ಯಾವ ಮೆಕ್ಯಾನಿಕ್ ಆದರೂ ಬಿಚ್ಚಿ ಜೋಡಿಸುತ್ತಾನೆ.

ಲೈಟ್ ಹತ್ತಿತು, ಗಾಲಿ ತಿರುಗಲಿಲ್ಲ

ಮೊದಲು ಸಿಕ್ಕ ಬೊಲೆರೊ ನೋಡಲು ಬಹಳ ಚಂದ. ಅಗಲ ಟೈರ್, ಅಲಾಯ್ ಗಾಲಿ, ಹೊಸ ಸೀಟ್ ಕವರ್. ಮಾರುವವರು ಸನ್ನೆ ಎಳೆದು ತೋರಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಫೋರ್ ವೀಲ್ ಡ್ರೈವ್ ದೀಪ ಹತ್ತಿತು. ಅಂಗಳದಲ್ಲಿ ಒಂದು ಸುತ್ತು ಓಡಿಸಿದರು. ಎಲ್ಲರಿಗೂ ಒಪ್ಪಿಗೆಯಾಯಿತು, ಮುಂಗಡದ ಮಾತೂ ಬಂತು.

ನಮ್ಮ ಜೊತೆ ಹುಬ್ಬಳ್ಳಿಯ ಒಬ್ಬ ಹಿರಿಯ ಮೆಕ್ಯಾನಿಕ್ ಬಂದಿದ್ದರು. ಜೀಪಿನ ಕೆಲಸದಲ್ಲೇ ತಲೆ ಹಣ್ಣಾದವರು. ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಜಾಕ್ ಕೇಳಿದರು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಗಾಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟರು. ಎಂಜಿನ್ ಬಂದ್. ಗೇರ್ ಹಾಕಿ, ಫೋರ್ ವೀಲ್ ಸನ್ನೆ ಎಳೆದು, ಮುಂದಿನ ಒಂದು ಗಾಲಿಯನ್ನು ಕೈಯಿಂದ ತಿರುಗಿಸಿದರು. ಎಲ್ಲ ಸರಿ ಇದ್ದರೆ ಒಂದು ಗಾಲಿ ತಿರುಗಿಸಿದಾಗ ಇನ್ನೊಂದು ಉಲ್ಟಾ ದಿಕ್ಕಿಗೆ ತಿರುಗಬೇಕು. ಯಾಕೆಂದರೆ ಮುಂದಿನ ಶಾಫ್ಟ್ ಗೇರಿನಿಂದ ಹಿಡಿದುಕೊಂಡಿರುತ್ತದೆ, ನಡುವಿನ ಡಿಫರೆನ್ಷಿಯಲ್ (ಎರಡು ಗಾಲಿ ಬೇರೆ ಬೇರೆಯಾಗಿ ತಿರುಗಲು ಬಿಡುವ ಗೇರ್ ಜೋಡಣೆ) ಮಾತ್ರ ಆಡುತ್ತದೆ. ಇಲ್ಲಿ ಒಂದು ಗಾಲಿ ಆರಾಮಾಗಿ ಒಂಟಿಯಾಗಿ ತಿರುಗಿತು. ಇನ್ನೊಂದು ಅಲ್ಲಾಡಲಿಲ್ಲ.

ಮಾರುವವರು ದೀಪ ತೋರಿಸಿದರು. ಕಾಕಾ ಅಕ್ಕಾರ ಕಡೆ ತಿರುಗಿ ಹೇಳಿದರು: "ಲೈಟ್ ಹತ್ತಿದ್ರ ಏನ್ ಬಂತ್ರೀ ಅಕ್ಕಾರ, ಗಾಲಿಗೆ ಶಕ್ತಿ ಮುಟ್ಟಬೇಕಲ್ಲ."

ಆ ದೀಪ ಟ್ರಾನ್ಸ್‌ಫರ್ ಕೇಸ್ ಒಳಗೆ ಗೇರ್ ಕೂಡಿತು ಎಂಬುದನ್ನಷ್ಟೇ ಹೇಳುತ್ತದೆ. ಅಲ್ಲಿಂದ ಶಕ್ತಿ ಮುಂದಿನ ಶಾಫ್ಟ್, ಡಿಫರೆನ್ಷಿಯಲ್, ಆಕ್ಸಲ್, ಕೊನೆಗೆ ಗಾಲಿಯ ನಡುಭಾಗದ ಹಬ್ ದಾಟಿ ಹೋಗಬೇಕು. ಕೆಲವು ಗಾಡಿಗಳಲ್ಲಿ ಹಬ್ಬನ್ನು ಕೈಯಿಂದ ತಿರುವಿ ಲಾಕ್ ಮಾಡಬೇಕು, ಕೆಲವಲ್ಲಿ ಅದು ತಾನೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಅದು ಬಿಗಿದು ನಿಂತು, ಕೂಡಿಕೊಳ್ಳುವುದೇ ಇಲ್ಲ. ಹಳೆಯ ಫೋರ್ ವೀಲ್ ಡ್ರೈವ್ ಮಾರುವ ಎಷ್ಟೋ ಜನರಿಗೆ ತಮ್ಮ ಗಾಡಿ ನಾಲ್ಕು ಗಾಲಿಯಲ್ಲಿ ಓಡುವುದನ್ನು ನಿಲ್ಲಿಸಿ ಯಾವ ಕಾಲವಾಯಿತು ಎಂಬುದೇ ಗೊತ್ತಿರುವುದಿಲ್ಲ. ಈ ಮಾರುವವರೂ ಬೇಕೆಂದೇ ಮುಚ್ಚಿಟ್ಟಂತೆ ಕಾಣಲಿಲ್ಲ.

ಇಲ್ಲಿ ಒಂದು ನಿರ್ಧಾರ ಬೇಕಿತ್ತು. ದರ ಇಳಿಸಿ ಇದನ್ನೇ ಕೊಂಡು ರಿಪೇರಿ ಮಾಡಿಸೋಣ ಎಂದು ಯಜಮಾನರು. ತಪ್ಪಿಲ್ಲ, ಹಬ್ ರಿಪೇರಿ ದೊಡ್ಡದಲ್ಲ. ಆದರೆ ಕಾಕಾ ಇನ್ನೊಂದು ನೋಡಿದ್ದರು. ಗಾಡಿಯ ಅಡಿಗೆಲ್ಲ ಹೊಸ ಕಪ್ಪು ಬಣ್ಣ. ಸಣ್ಣ ಸುತ್ತಿಗೆಯಿಂದ ಚಾಸಿ ಬಡಿದಾಗ ಹಿಂದಿನ ಅಡ್ಡಪಟ್ಟಿಯಲ್ಲಿ ಸದ್ದು ಬದಲಾಯಿತು, ಪದರ ಉದುರಿತು. ಗಾಡಿ ಬಹಳ ವರ್ಷ ಕರಾವಳಿಯಲ್ಲಿ ಇದ್ದದ್ದು ಎಂದು ಆಮೇಲೆ ತಿಳಿಯಿತು. ಉಪ್ಪುಗಾಳಿ ಮೇಲಿನ ಬಣ್ಣಕ್ಕಿಂತ ಮೊದಲು ಚಾಸಿಯನ್ನು ತಿನ್ನುತ್ತದೆ. ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ತುಕ್ಕು ತಿಂದ ಚಾಸಿಗೆ ಮದ್ದಿಲ್ಲ. ಅಕ್ಕಾರು ಅಲ್ಲೇ ಬೇಡ ಎಂದರು. ಅಷ್ಟು ಬೇಗ ಬೇಡ ಎನ್ನುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಚಂದದ ಗಾಡಿ ಕಣ್ಣ ಮುಂದೆ ನಿಂತಿರುವಾಗ ಅಂತೂ ಬಹಳ ಕಷ್ಟ.

ಎರಡನೇ ಬೊಲೆರೊ

ಅದು ಸಿಕ್ಕಿದ್ದು ಕೆಲವು ವಾರ ಕಳೆದ ಮೇಲೆ. 2013ರ ಗಾಡಿ, ಮಂಕು ಬಿಳಿ ಬಣ್ಣ, ಬಾಗಿಲಿಗೆ ಗೀರು, ಸೀಟು ಹರಿದಿದೆ. ನಮ್ಮ ಕಡೆಯದೇ ನೋಂದಣಿ. ಧಾರವಾಡದ ಕೆಎ 25, ಹುಬ್ಬಳ್ಳಿಯ ಕೆಎ 63, ಗದಗದ ಕೆಎ 26, ಹಾವೇರಿಯ ಕೆಎ 27, ಇವುಗಳಲ್ಲಿ ಒಂದು ಎಂದಷ್ಟೇ ಹೇಳಬಹುದು. ಜಾಕ್ ಪರೀಕ್ಷೆಯಲ್ಲಿ ಗಾಲಿಗಳು ಉಲ್ಟಾ ಪಲ್ಟಾ ತಿರುಗಿದವು. ಚಾಸಿ ಬಡಿದಲ್ಲೆಲ್ಲ ಗಟ್ಟಿ ಸದ್ದು. ಅಡಿಗೆ ಹಳೆಯ ಧೂಳು, ಎಣ್ಣೆ ಸೇರಿದ ಮಣ್ಣು ಹಾಗೇ ಕೂತಿತ್ತು. ನನಗೆ ಹೊಸ ಬಣ್ಣಕ್ಕಿಂತ ಈ ಕೊಳೆ ಮೇಲೆ ನಂಬಿಕೆ.

ಅಂಗಳದ ಸುತ್ತಿಗೆ ಈ ಸಲ ಯಾರೂ ಒಪ್ಪಲಿಲ್ಲ. ಮಾಲೀಕರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಗರಸು ಏರಿಗೆ ಹೋದೆವು. ಫೋರ್ ಲೋ (ನಾಲ್ಕು ಗಾಲಿಗೆ ಲೋ ಗೇರ್) ಹಾಕಿ, ಆಕ್ಸಲರೇಟರ್ ಮುಟ್ಟದೆ ಹತ್ತಿಸಿದೆವು, ಹಾಗೇ ಬ್ರೇಕ್ ಮುಟ್ಟದೆ ಇಳಿಸಿದೆವು. ಫೋರ್ ಲೋದಲ್ಲಿ ಗಾಲಿ ಹೆಚ್ಚುಕಡಿಮೆ ಎರಡೂವರೆ ಪಟ್ಟು ನಿಧಾನ ತಿರುಗುತ್ತದೆ, ಅಷ್ಟೇ ಪಟ್ಟು ಎಳೆತ ಹೆಚ್ಚುತ್ತದೆ. ಲೋದಲ್ಲಿ ಗೇರ್ ಹಾರಿ ಹೊರಬರುತ್ತದೆಯೇ, ಟ್ರಾನ್ಸ್‌ಫರ್ ಕೇಸ್ ಅರಚುತ್ತದೆಯೇ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಆಕ್ಸಲ್ ಕಟಕಟ ಎನ್ನುತ್ತದೆಯೇ ಎಂದು ಕೇಳಿಸಿಕೊಂಡೆವು. ಸಣ್ಣ ಕಟಕಟ ಇತ್ತು. ಕ್ಲಚ್ ಸವೆದಿತ್ತು. ಟೈರ್ ಬೋಳಾಗಿತ್ತು. ಇವು ಮೂರೂ ದುಡ್ಡಿನಿಂದ ಸರಿಹೋಗುವ ದೋಷಗಳು.

ಕಾಗದದ ಕೆಲಸ ಅಕ್ಕಾರು ತಾವೇ ಮಾಡಿದರು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಎಷ್ಟನೇ ಮಾಲೀಕರು, ಬ್ಯಾಂಕ್ ಸಾಲದ ನಮೂದು ಇದೆಯೇ, ವಿಮೆ ಯಾವಾಗಿನವರೆಗೆ, ದಂಡ ಬಾಕಿ ಇದೆಯೇ ನೋಡಿದರು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನಿಂದ ಫಾರಂ 35 ತರಿಸಿ ಅದನ್ನು ತೆಗೆಸುವ ತನಕ ಪೂರ್ತಿ ಹಣ ಕೊಡಲಿಲ್ಲ. ಆರ್‌ಸಿಯ ಮಾಡೆಲ್ ಹೆಸರಿನಲ್ಲಿ ಫೋರ್ ವೀಲ್ ಡ್ರೈವ್ ಎಂದಿದೆಯೇ ನೋಡಿದೆವು. ಚಾಸಿಯ ಮೇಲೆ ಕೆತ್ತಿದ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಕೂಡಿಸಿದೆವು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಎದುರಿಗೇ ಸಹಿ ಆಯಿತು.

ವರ್ಷದ ಲೆಕ್ಕವೂ ಇತ್ತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರುಗಳಿಗೆ ಆ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಜೊತೆಗೆ ಹಸಿರು ತೆರಿಗೆ. 2009, 2010ರ ಗಾಡಿಗಳು ಇನ್ನೂ ಅಗ್ಗಕ್ಕೆ ಸಿಗುತ್ತಿದ್ದವು, ಆದರೆ ಕೊಂಡ ವರ್ಷವೇ, ಇಲ್ಲವೇ ಮರುವರ್ಷ ಈ ಕೆಲಸ ಎದುರಾಗುತ್ತಿತ್ತು. 2013ರ ಗಾಡಿಗೆ 2028ರ ತನಕ ಸಮಯ ಇದೆ.

ದರ 3.4 ಲಕ್ಷಕ್ಕೆ ಕುದುರಿತು. ಉಳಿದದ್ದರಲ್ಲಿ ಟೈರ್, ಕ್ಲಚ್, ಆಕ್ಸಲ್ ಜಾಯಿಂಟ್, ಎಲ್ಲ ಎಣ್ಣೆ ಬದಲಾವಣೆ, ಹೆಸರು ವರ್ಗಾವಣೆ, ವಿಮೆ ಮುಗಿದವು. ಗಾಡಿಗೆ ಮುಕ್ಕಾಲು, ರಿಪೇರಿಗೆ ಕಾಲು ಎಂದು ಮೊದಲೇ ಅಕ್ಕಾರು ಎತ್ತಿಟ್ಟಿದ್ದರಿಂದ ಸಾಲ ಮಾಡಬೇಕಾಗಲಿಲ್ಲ.

ಟೈರಿನ ವಿಷಯದಲ್ಲಿ ಚರ್ಚೆಯಾಯಿತು. ಅಂಗಡಿಯವರು ಅಗಲದ, ದಪ್ಪ ಗುಬ್ಬಿಯ ಮಡ್ ಟೈರ್ ಹಾಕಿಸಿ ಎಂದರು. ನಾನು ಬೇಡ ಎಂದೆ. ಅಗಲ ಮಾಡಿದಷ್ಟೂ ಮಡ್‌ಗಾರ್ಡ್ ಮತ್ತು ಟೈರ್ ನಡುವಿನ ಸಂದು ಕಮ್ಮಿಯಾಗುತ್ತದೆ, ಎರಿ ಬೇಗ ಕಟ್ಟಿಕೊಳ್ಳುತ್ತದೆ. ಕಂಪನಿಯ ಅಳತೆ 215/75 ಆರ್ 15, ಅದರಲ್ಲೇ ಆಲ್ ಟೆರೇನ್ ಟೈರ್ ಹಾಕಿಸಿದೆವು. ಡಾಂಬರಿನ ಮೇಲೆ ಸದ್ದು ಕಮ್ಮಿ, ಬ್ರೇಕ್ ಹಿಡಿತ ಜಾಸ್ತಿ. ದಿನದ ಓಟದಲ್ಲಿ ಬಹುಪಾಲು ಡಾಂಬರೇ ಅಲ್ವಾ? ಜೊತೆಗೆ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪು, ಗಾಳಿ ಅಳೆಯುವ ಮೀಟರ್, ಎಳೆಯುವ ಹಗ್ಗ, ಮತ್ತೆ ಚಾಸಿಗೇ ಬೋಲ್ಟ್ ಹಾಕಿ ಕೂರಿಸಿದ ಕೊಕ್ಕೆ, ಮುಂದೆ ಒಂದು, ಹಿಂದೆ ಒಂದು.

ಮಳೆಗಾಲ ಹೇಗೆ ಹೋಯಿತು

ಗರಸು ಏರು, ಹಳ್ಳದ ದಂಡೆಗಳಲ್ಲಿ ಗಾಡಿ ನಾವು ಅಂದುಕೊಂಡಂತೆ ನಡೆಯಿತು. ಜಾರುವ ಎರಿಯಲ್ಲಿ ಟೈರ್ ಗಾಳಿಯನ್ನು 20-22 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸುವುದನ್ನು ಸಹಾಯಕ ಹುಡುಗ ಬೇಗ ಕಲಿತ. ಡಾಂಬರಿಗೆ ಬಂದ ಕೂಡಲೇ ಟೂ ವೀಲ್‌ಗೆ ಹಾಕಬೇಕು ಎಂಬುದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದೆವು. ಇಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಗಟ್ಟಿ ರಸ್ತೆಯ ತಿರುವಿನಲ್ಲಿ ಅವುಗಳಿಗೆ ಜಾರಿ ಸಡಿಲವಾಗಲು ಜಾಗ ಇರುವುದಿಲ್ಲ, ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಒಂದು ಹಳ್ಳದ ದಂಡೆಯಲ್ಲಿ ಗಾಡಿ ನಿಂತಿತು. ಮುಂದಿನ ಎಡಗಾಲಿ, ಹಿಂದಿನ ಬಲಗಾಲಿ ಎರಡೂ ಭಾರ ಕಳೆದುಕೊಂಡು ಸುಮ್ಮನೆ ತಿರುಗಿದವು. ಎರಡು ಗಾಲಿಯನ್ನೂ ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇಲ್ಲದ ಗಾಡಿಯಲ್ಲಿ ನೆಲಕ್ಕೆ ಹತ್ತಿದ ಗಾಲಿಗಳಿಗೆ ಶಕ್ತಿ ಹೋಗುವುದಿಲ್ಲ. ಎರಡು ಕಲ್ಲು ಇಟ್ಟು, ಸ್ವಲ್ಪ ಹಿಂದೆ ಬಂದು, ಜಾಡಿನ ಅಂಚಿನ ಮೇಲೆ ಗಾಲಿ ಇಟ್ಟು ಹತ್ತಿದರು. ಲಾಕ್ ಇದ್ದ ಗಾಡಿ ಅಲ್ಲಿ ನಿಲ್ಲುತ್ತಿರಲಿಲ್ಲ. ಗುರ್ಖಾದಂಥ ಗಾಡಿಯಲ್ಲಿ ಮುಂದೆ ಹಿಂದೆ ಎರಡೂ ಲಾಕ್ ಇರುತ್ತವೆ. ಆದರೆ ಇಂಥ ಒಂದು ಜಾಗಕ್ಕಾಗಿ ಬಜೆಟ್ ಮೀರಬೇಕಿತ್ತು ಎಂದು ಅಕ್ಕಾರಿಗೂ ಅನಿಸಲಿಲ್ಲ, ನನಗೂ ಅನಿಸುವುದಿಲ್ಲ.

ನಿಜವಾದ ಸೋಲು ಅಂಟು ಎರಿಯಲ್ಲಿ. ಮಳೆ ನಿಂತು ಬಿಸಿಲು ಬಿದ್ದ ಒಂದು ಮಧ್ಯಾಹ್ನ ತುರ್ತು ಕರೆ. ಟ್ರ್ಯಾಕ್ಟರ್ ಸಿಗಲಿಲ್ಲ. ಅಕ್ಕಾರು ಗಾಡಿ ಇಳಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಲ್ಕೂ ಮಡ್‌ಗಾರ್ಡ್ ತುಂಬಿ ಗಾಲಿ ನಿಂತವು. ಅವರು ಆಕ್ಸಲರೇಟರ್ ಒತ್ತಲಿಲ್ಲ, ಇಳಿದು ನಡೆದರು. ಅದರಿಂದ ಕ್ಲಚ್ ಉಳಿಯಿತು. ಸಹಾಯಕ ಹುಡುಗ ಕುರ್ಚಿಗಿ ಹಿಡಿದು ಮಣ್ಣು ಕೆರೆಯುತ್ತ ಕೂತ. ಸಂಜೆ ಟ್ರ್ಯಾಕ್ಟರ್ ಬಂತು. ಚಾಲಕ ಸರಪಳಿಯನ್ನು ಮುಂದಿನ ಬಂಪರಿಗೆ ಕಟ್ಟಲು ಹೋದ. ಹುಡುಗ ತಡೆದು ಚಾಸಿಯ ಕೊಕ್ಕೆಗೆ ಹಗ್ಗ ಕಟ್ಟಿಸಿದ, ಎಲ್ಲರನ್ನೂ ದೂರ ನಿಲ್ಲಿಸಿದ. ಬಂಪರ್ ಕಿತ್ತುಬಂದರೆ, ಸರಪಳಿ ಹರಿದರೆ ಅದು ಜನರ ಮೇಲೇ ಹಾರುತ್ತದೆ. ಗಾಡಿ ಎಳೆಯುವಾಗ ಆಗುವ ದೊಡ್ಡ ಗಾಯಗಳಿಗೆ ಇದೇ ಕಾರಣ. ಆ ಹುಡುಗನ ಬಗ್ಗೆ ನನಗೆ ಬಹಳ ಹೆಮ್ಮೆ.

ಕ್ಯಾನ್ ಮಳೆಗಾಲ ಪೂರ್ತಿ ನೆಟ್ಟಗೆ ನಿಂತಿತ್ತು. ಹಿಂದಿನ ಎದುರುಬದುರು ಸೀಟುಗಳ ನಡುವೆ ಮರದ ಚೌಕಟ್ಟು ಮಾಡಿಸಿ, ಅಡಿಗೆ ರಬ್ಬರ್ ಹಾಕಿ, ಬೆಲ್ಟ್ ಬಿಗಿದಿದ್ದೆವು. ಡೀಸೆಲ್ ಲೀಟರಿಗೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಕೊಡುತ್ತಿದೆ. ಹುಬ್ಬಳ್ಳಿಗೆ ಹೋಗುವಾಗ ಸೀಟು ಆರಾಮಿಲ್ಲ ಎಂಬ ಯಜಮಾನರ ದೂರು ಹಾಗೇ ಇದೆ, ಅದು ನಿಜವೂ ಹೌದು.

ಬೇರೆಯವರಿಗೆ ಇದರಿಂದ ಏನು

ಈ ಪ್ರಕರಣದಿಂದ ಎಲ್ಲರೂ ಬೊಲೆರೊ ಕೊಳ್ಳಿ ಎಂದು ಅರ್ಥ ಮಾಡಿಕೊಳ್ಳಬೇಡಿ. ಕೆಲಸ ಮಾಡಿದ್ದು ಕ್ರಮ. ಮೊದಲು ದಾರಿಯ ಪಟ್ಟಿ, ಅದರಿಂದ ಬೇಕಾದ ಗುಣ, ಅದರಿಂದ ಗಾಡಿಯ ಮಾದರಿ, ಕೊನೆಗೆ ಆ ಒಂದು ಗಾಡಿಯ ಸ್ಥಿತಿ. ಒಬ್ಬಂಟಿಯಾಗಿ ಓಡಾಡುವ, ಹೆದ್ದಾರಿ ಓಟ ಕಮ್ಮಿ ಇರುವ ರೈತರಿಗೆ ಕಾಗದ ಸರಿಯಿರುವ ಜಿಪ್ಸಿ ಇದಕ್ಕಿಂತ ಚಲೋ. ಮಸಾರಿ ನೆಲದಲ್ಲಿ, ದೂರದ ಓಟ ಜಾಸ್ತಿ ಇರುವವರಿಗೆ ಡಸ್ಟರ್ ಸಾಕು. ಜಾಕ್ ಪರೀಕ್ಷೆ ಮತ್ತು ಚಾಸಿ ಬಡಿದು ನೋಡುವುದನ್ನು ಮಾತ್ರ ಯಾವ ಗಾಡಿಗೂ ಬಿಡಬೇಡಿ. ಅದಕ್ಕೆ ಒಪ್ಪದ ಮಾಲೀಕರ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.

ಕಳೆದ ವರ್ಷ ಹಾನಗಲ್ ಕಡೆಯ ಇನ್ನೊಬ್ಬ ದನದ ಡಾಕ್ಟರು ಅಕ್ಕಾರನ್ನು ಹುಡುಕಿಕೊಂಡು ಬಂದರು. ಅವರಿಗೂ ಫೋರ್ ವೀಲ್ ಡ್ರೈವ್ ಬೇಕಿತ್ತು. ಅಕ್ಕಾರು ಅವರ ಮುಂದೆ ಖಾಲಿ ಹಾಳೆ ಇಟ್ಟು ದಾರಿಗಳನ್ನು ಬರೆಸಿದರು. ಹೆಚ್ಚಿನ ದಾರಿ ಗರಸು ಹಾಕಿದವು, ಕಾರು ನಿಂತದ್ದೆಲ್ಲ ಹೊಟ್ಟೆ ತಾಗಿ, ಇಲ್ಲವೇ ಬೋಳು ಟೈರಿನಿಂದ. ಅವರು ಹಿಂದಿನ ಗಾಲಿಯಿಂದ ಓಡುವ ಸಾದಾ ಬೊಲೆರೊ ಕೊಂಡು, ಒಳ್ಳೆಯ ಟೈರ್ ಹಾಕಿಸಿ, ಉಳಿದ ದುಡ್ಡಿಗೆ ಪ್ರಾಣಿಗಳ ಗರ್ಭ ನೋಡುವ ಸ್ಕ್ಯಾನಿಂಗ್ ಯಂತ್ರ ತಂದುಕೊಂಡಿದ್ದಾರೆ.